ಮನೆಯವರ ಫೋಟೋದಲ್ಲಿ ಮನೆಯೂ ಬರಲಿ

ಅಮ್ಮನ ತವರುಮನೆಯದ್ದು ಅಂತ ಒಂದೇ ಒಂದು ಫೋಟೋ ಉಳಿದಿದೆ. ಅದೂ ಮನೆಯ ಫೋಟೋ ಅಲ್ಲ, ಅಜ್ಜನದು. ಅಂಗಳದಲ್ಲಿ ಕುರ್ಚಿ ಹಾಕಿ, ಹಿಂದೆ ಬಿಳಿ ಪಂಚೆ ಕಟ್ಟಿ, ಸಾಗರ ಪೇಟೆಯಿಂದ ಬಂದ ಫೋಟೋದವರು ತೆಗೆದದ್ದು. ಪಂಚೆಯ ಅಗಲ ಸಾಲಲಿಲ್ಲ. ಹಾಗಾಗಿ ಎಡಗಡೆ ಒಂದು ಬೆರಳಿನಷ್ಟು ಜಾಗದಲ್ಲಿ ಜಗಲಿಯ ಕಂಬ, ಅರ್ಧ ಬಾಗಿಲು, ಅದರ ಪಕ್ಕ ಏನೋ ಒಂದು ಗುಂಡಗಿನ ಕಪ್ಪು ಆಕಾರ ಕಾಣುತ್ತದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಶರಾವತಿಯ ನೀರು ನಿಂತು ಆ ಮನೆ ಮುಳುಗಿತು. ಆಗ ಅಮ್ಮನಿಗೆ 12 ವರ್ಷ.

ನಾನು 19 ವರ್ಷದಿಂದ ಬೆಂಗಳೂರಿನಲ್ಲಿ ಮದುವೆ ಫೋಟೋ ತೆಗೆಯುತ್ತಿದ್ದೇನೆ. ನಾನು ತೆಗೆದ ಎಲ್ಲ ಫೋಟೋಗಳಿಗಿಂತ ಆ ಒಂದು ಬೆರಳಿನ ಜಾಗವೇ ನನಗೆ ಇಷ್ಟ. ಮನೆಯವರ ಫೋಟೋ ಹೇಗೆ ತೆಗೆಯಬೇಕು ಅಂತ ಯಾರಾದರೂ ಕೇಳಿದರೆ ಅಲ್ಲಿಂದಲೇ ಶುರು ಮಾಡುತ್ತೇನೆ.

ಮೊದಲು ಎರಡು ಹೆಜ್ಜೆ ಹಿಂದೆ ಹೋಗಿ. ಮುಖವೇ ತುಂಬಿಕೊಂಡ ಫೋಟೋ ನಿಮ್ಮ ಹತ್ತಿರ ಈಗಾಗಲೇ ಬೇಕಾದಷ್ಟಿರುತ್ತದೆ. ಅಪ್ಪ ಕೂತಿರುವ ಕುರ್ಚಿ, ಹಿಂದಿನ ಕ್ಯಾಲೆಂಡರ್, ಗೂಟಕ್ಕೆ ಸಿಕ್ಕಿಸಿದ ಟವೆಲ್ ಎಲ್ಲವೂ ಬರಲಿ. ಫೋನಿನಲ್ಲಾದರೆ ಪೋರ್ಟ್ರೇಟ್ ಮೋಡ್ ಬೇಡ, ಅದು ಹಿಂದಿನದನ್ನೆಲ್ಲ ಮಸುಕು ಮಾಡುತ್ತದೆ. ಕ್ಯಾಮೆರಾ ಇದ್ದರೆ 35 ಎಂಎಂ ಲೆನ್ಸ್ ಹಾಕಿ, ಅಪರ್ಚರ್, ಅಂದರೆ ಲೆನ್ಸಿನೊಳಗೆ ಬೆಳಕು ಬರುವ ಕಂಡಿ, ಎಫ್ 5.6 ಅಥವಾ 8ರಲ್ಲಿಡಿ, ಹಿಂದಿನದೂ ಸ್ಪಷ್ಟವಾಗಿ ಬರುತ್ತದೆ. ಫೋಟೋ ತೆಗೀತಾರೆ ಅಂತ ಗೊತ್ತಾದ ಕೂಡಲೇ ಮನೆಯವರು ಸಾಮಾನು ಎತ್ತಿಡಲು ಶುರು ಮಾಡುತ್ತಾರೆ. ಬೇಡ ಅನ್ನಿ.

ಇನ್ನು ಬೆಳಕು. ಟ್ಯೂಬ್‌ಲೈಟ್ ಆಫ್ ಮಾಡಿ, ಫ್ಲಾಶ್ ಮರೆತುಬಿಡಿ. ಕಿಟಕಿ ಪಕ್ಕ, ಬಾಗಿಲ ಹತ್ತಿರ ಕೂರಿಸಿದರೆ ಸಾಕು. ನಮ್ಮ ಕಡೆಯ ಹಂಚಿನ ಮನೆಗಳಲ್ಲಿ ಇನ್ನೂ ಒಳ್ಳೆಯದೊಂದಿದೆ. ಮಾಡಿನ ನಡುವೆ ಕೂರಿಸಿದ ಗಾಜಿನ ಹಂಚು. ನಮ್ಮ ಅಡುಗೆಮನೆಯಲ್ಲಿ ಹನ್ನೊಂದು ಗಂಟೆ ಹೊತ್ತಿಗೆ ಅದರಿಂದ ಬಿಸಿಲ ಕೋಲು ಇಳಿದು ಒಲೆಯ ಹೊಗೆಯ ಮೇಲೆ ನಿಲ್ಲುತ್ತದೆ. ಅಮ್ಮ ಬಗ್ಗಿ ಊದುಕೊಳವೆ ಊದಿದರೆ ಹೊಗೆ ತಿರುಗಿ ಅವಳ ಕೆನ್ನೆ ಬೆಳಗುತ್ತದೆ. ಅಂಥ ಹೊತ್ತಿನಲ್ಲಿ ಫೋನಿನ ಪರದೆಯಲ್ಲಿ ಬೆಳಕು ಬಿದ್ದ ಕೆನ್ನೆಯನ್ನು ಮುಟ್ಟಿ, ಪಕ್ಕದಲ್ಲಿ ಬರುವ ಸೂರ್ಯನ ಗುರುತನ್ನು ಸ್ವಲ್ಪ ಕೆಳಗೆ ಎಳೆಯಿರಿ. ಉಳಿದದ್ದು ಕತ್ತಲಾದರೆ ಆಗಲಿ. ಹಂಚಿನ ಮನೆಯ ಅಡುಗೆಕೋಣೆ ಕತ್ತಲೇ ಇರುತ್ತದೆ, ಅಲ್ವಾ?

ನಾನು ಹಾಗೆ ಕ್ಯಾಮೆರಾ ಹಿಡಿದಾಗ ಅಮ್ಮ ಯಾವಾಗಲೂ ಹೇಳುವುದು ಒಂದೇ, “ತಡಿಯೇ ಕೂಸೇ, ಚೊಲೋ ಸೀರೆ ಉಟ್ಕಂಡು ಬತ್ತಿ.” ಉಟ್ಟುಕೊಂಡು ಬರಲಿ. ಆ ಫೋಟೋನೂ ತೆಗೆಯಿರಿ, ಅದು ಅವರ ಇಷ್ಟದ್ದು. ಆಮೇಲೆ ಅವರು ಕೆಲಸಕ್ಕೆ ವಾಪಸ್ ಹೋಗುತ್ತಾರಲ್ಲ, ಆಗ ಅಲ್ಲೇ ಇರಿ. ಕೆಲಸ ಮಾಡುವವರ ಕೈಗೆ ಕ್ಯಾಮೆರಾದ ಸಂಕೋಚ ಇರುವುದಿಲ್ಲ. ಅಡಿಕೆ ಸುಗ್ಗಿಯಲ್ಲಿ ಅಪ್ಪಯ್ಯ ಅಡಿಕೆ ಸುಲಿಯುವ ಮೆಟ್ಟುಗತ್ತಿ ಮುಂದೆ ಕೂತರೆ ಮೊದಲ ಹತ್ತು ನಿಮಿಷ ನನ್ನ ಕಡೆ ನೋಡುತ್ತಿದ್ದರು, ಆಮೇಲೆ ಮರೆತೇಬಿಡುತ್ತಿದ್ದರು. ಅವರ ಹೆಬ್ಬೆರಳಿನ ಉಗುರಿನ ಸುತ್ತ ಅಡಿಕೆಯ ಚೊಗರು ಕಪ್ಪಾಗಿ ಕೂತಿರುತ್ತಿತ್ತು. ಸುಗ್ಗಿ ಮುಗಿದು ಎಷ್ಟೋ ದಿನದವರೆಗೂ ಅದು ಹೋಗುತ್ತಿರಲಿಲ್ಲ. ಆ ಕೈಯ ಫೋಟೋ ನನ್ನ ಮೇಜಿನ ಮುಂದಿದೆ. ಕೈ ಅಲುಗುತ್ತಿದ್ದರೆ ಶಟರ್ ವೇಗವನ್ನು ಸೆಕೆಂಡಿನ 1/250ಕ್ಕಿಂತ ನಿಧಾನ ಮಾಡಬೇಡಿ. ಐಎಸ್ಒ, ಅಂದರೆ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ, 3200 ಆದರೂ ಚಿಂತೆಯಿಲ್ಲ.

ಊರಿನ ಜಾಗಗಳಲ್ಲಿ ಯಾವುದು ಬದಲಾಗಲಿದೆ ಅಂತ ಗೊತ್ತಿದೆಯೋ ಅಲ್ಲಿಗೆ ಮೊದಲು ಹೋಗಿ, ಮನೆಯವರನ್ನೂ ಕರೆದುಕೊಂಡು ಹೋಗಿ. ಸಿಗಂದೂರಿಗೆ ಹೋಗುವಾಗ ಹೊಳೆಬಾಗಿಲಿನಲ್ಲಿ ಬಸ್ಸು, ಕಾರು, ಜನ ಎಲ್ಲ ಲಾಂಚ್ ಹತ್ತಿ ಶರಾವತಿಯ ಹಿನ್ನೀರು ದಾಟುತ್ತಿದ್ದೆವು. ಸೇತುವೆಯ ಕಂಬಗಳು ಏಳುತ್ತಿದ್ದಾಗಲೇ ಅಮ್ಮನನ್ನು ಲಾಂಚಿನ ಕಟಕಟೆಯ ಪಕ್ಕ ನಿಲ್ಲಿಸಿ ಫೋಟೋ ತೆಗೆದೆ. 2025ರ ಜುಲೈ 14ರಂದು ಸೇತುವೆ ಶುರುವಾಯಿತು. ಈಗ ಆ ಜಾಗವನ್ನು ಕಾರಿನಲ್ಲಿ ಕೆಲವೇ ನಿಮಿಷದಲ್ಲಿ ದಾಟುತ್ತೇವೆ. ಆಚೆ ದಡದ ಕರೂರು ಸೀಮೆಯವರು ಎಷ್ಟೋ ವರ್ಷ ಕಾದ ಸೇತುವೆ ಅದು, ನನಗೂ ಖುಷಿಯೇ. ಆದರೆ ಅಮ್ಮ ತನ್ನ ಮುಳುಗಿದ ಊರಿನ ನೀರನ್ನು ಅಷ್ಟು ಹತ್ತಿರದಿಂದ, ಅಷ್ಟು ನಿಧಾನವಾಗಿ ನೋಡುತ್ತಿದ್ದದ್ದು ಲಾಂಚಿನಲ್ಲಿ ಮಾತ್ರ.

ತೆಗೆದ ಮೇಲೆ ಪ್ರಿಂಟ್ ಹಾಕಿಸಿ. ವರ್ಷಕ್ಕೆ 20 ಸಾಕು. ಹಿಂದುಗಡೆ ಮೆತ್ತನೆಯ ಪೆನ್ಸಿಲ್‌ನಲ್ಲಿ ಯಾರು, ಎಲ್ಲಿ, ಯಾವಾಗ ಅಂತ ಬರೆಯಿರಿ. ಬಾಲ್‌ಪೆನ್ ಬೇಡ, ಒತ್ತಿದ ಗುರುತು ಮುಂದುಗಡೆ ಏಳುತ್ತದೆ. ಹಿಂಬದಿ ನುಣುಪಾಗಿದ್ದರೆ ಚೀಟಿಯಲ್ಲಿ ಬರೆದು ಒಂದೇ ಕವರಿನಲ್ಲಿಡಿ. ಅಂಟಿನ ಹಾಳೆಯ ಹಳೇ ಆಲ್ಬಮ್ ಇದ್ದರೆ ಫೋಟೋಗಳನ್ನು ಈಗಲೇ ಬಿಡಿಸಿ. ಹಲ್ಲು ಸ್ವಚ್ಛ ಮಾಡುವ ದಾರವನ್ನು ಫೋಟೋದ ಅಡಿಯಲ್ಲಿ ತೂರಿಸಿ ಮೆಲ್ಲಗೆ ಆಚೆ ಈಚೆ ಎಳೆದರೆ ಅಂಟು ಬಿಡುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಬೂಷ್ಟು ಬೇರೆ. ಒಂದು ವರ್ಷ ನಾನೇ ಅಸಡ್ಡೆ ಮಾಡಿ ಎರಡು ರೋಲ್ ನೆಗೆಟಿವ್ ಕಳೆದುಕೊಂಡೆ. ಅದರಲ್ಲಿ ಅಜ್ಜಿ ಇದ್ದಳು. ಗಾಳಿಯಾಡದ ಡಬ್ಬಿ, ಅದರೊಳಗೆ ಸಿಲಿಕಾ ಜೆಲ್. ನೀಲಿ ಕಾಳು ಗುಲಾಬಿ ಬಣ್ಣಕ್ಕೆ ತಿರುಗಿದರೆ ಬದಲಾಯಿಸಿ.

ಹಳೇ ಫೋಟೋ ಸ್ಕ್ಯಾನ್ ಮಾಡಿಸುವಾಗ 1200 ಡಿಪಿಐ, ಅಂದರೆ ಇಂಚಿಗೆ 1200 ಚುಕ್ಕಿ, ಅಂತ ಕೇಳಿ. ಅಂಚನ್ನು ಕತ್ತರಿಸಬೇಡಿ ಅಂತಲೂ ಹೇಳಿ. ಅಜ್ಜನ ಫೋಟೋವನ್ನು ಹಾಗೆ ಮಾಡಿಸಿ, ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ಅಮ್ಮನಿಗೆ ತೋರಿಸಿದೆ. ಅವಳು ಅಜ್ಜನನ್ನು ನೋಡಲೇ ಇಲ್ಲ. ಬಾಗಿಲ ಪಕ್ಕದ ಆ ಕಪ್ಪು ಆಕಾರದ ಮೇಲೆ ಬೆರಳಿಟ್ಟಳು. “ಇದು ಹಂಡೆ. ತೊಳೆದು ಬೋರಲು ಹಾಕಿದ್ದ.” ಮನೆ ಬಿಡುವಾಗ ಗಾಡಿಯಲ್ಲಿ ಹೇರಿಕೊಂಡು ಬಂದ ತಾಮ್ರದ ಹಂಡೆ ಅದು. ಅಮ್ಮನ ಮದುವೆಯಲ್ಲಿ ಅವಳ ಜೊತೆ ನಮ್ಮ ಮನೆಗೆ ಬಂತು. ನಾನು ಹುಟ್ಟಿದಾಗಿನಿಂದ ಅದರ ಬಿಸಿನೀರಿನಲ್ಲೇ ಮಿಂದಿದ್ದೇನೆ.

ಮರುದಿನ ಬೆಳಿಗ್ಗೆ ಬಚ್ಚಲಮನೆಯಲ್ಲಿ ಅಮ್ಮ ಒಲೆಗೆ ಅಡಿಕೆ ಸಿಪ್ಪೆ ತುಂಬುತ್ತಿದ್ದಳು. ಬೇರೆ ದೀಪ ಹಾಕಲಿಲ್ಲ, ಬೆಂಕಿಯ ಬೆಳಕಷ್ಟೇ. ಬಾಗಿಲಿನ ಆಚೆ ನಿಂತು, ಹಂಡೆ ಪೂರ್ತಿ ಬರುವಂತೆ ತೆಗೆದೆ. ಅದರ ಹಿಂದುಗಡೆ ಹೀಗೆ ಬರೆದಿಟ್ಟಿದ್ದೇನೆ: ಅಮ್ಮ, ನಮ್ಮ ಬಚ್ಚಲು, 2024ರ ಆಷಾಢ. ಹಂಡೆ ಅಮ್ಮನ ತವರಿನದು, ಅಜ್ಜನ ಫೋಟೋದಲ್ಲಿ ಎಡಗಡೆ ಇದೆ.