ಜೋಕಿನ ಪಂಚ್ ಲೈನ್ ಕೆಡಿಸದೆ ಹೇಳುವುದು ಹೇಗೆ?

ಜೋಕಿನಲ್ಲಿ ನಗು ಸಿಡಿಯುವ ಕೊನೆಯ ಮಾತೇ ಪಂಚ್ ಲೈನ್. ಅದಕ್ಕೆ ಮುಂಚೆ ಬರುವುದೆಲ್ಲ ಪೀಠಿಕೆ. ಸಿನಿಮಾದ ಪಂಚ್ ಡೈಲಾಗ್ ಬೇರೆ, ಅಲ್ಲಿ ಹೀರೋ ಗತ್ತು ತೋರಿಸಿದರೆ ಸಾಕು, ನಗು ಬರಲೇಬೇಕು ಅಂತಿಲ್ಲ. ಜಾಹೀರಾತಿನವರು ತಮ್ಮ ಘೋಷವಾಕ್ಯಕ್ಕೂ ಪಂಚ್ ಲೈನ್ ಅನ್ನುತ್ತಾರೆ, ಅದನ್ನು ಇಲ್ಲಿ ಬಿಡೋಣ.

ಈ ಜೋಕ್ ನೋಡಿ. ಸಿಟಿ ಬಸ್ಸು, ಕಾಲಿಡೋಕೂ ಜಾಗ ಇಲ್ಲ. ಅಜ್ಜಿಯೊಬ್ಬರು ಹೇಗೋ ಹತ್ತಿ ಬಾಗಿಲ ಹತ್ತಿರವೇ ಕಂಬಿ ಹಿಡಿದು ನಿಂತಿದ್ದಾರೆ. ಕಂಡಕ್ಟರ್ ಕೂಗುತ್ತಾನೆ: "ಅಜ್ಜಿ, ಮುಂದೆ ನಡೀರಿ, ಮುಂದೆ ನಡೀರಿ!" ಅಜ್ಜಿ ತಿರುಗಿ ನೋಡುತ್ತಾರೆ.

"ನಡೆಯೋದೇ ಆಗಿದ್ರೆ ಬಸ್ಸು ಯಾಕಪ್ಪಾ ಹತ್ತುತ್ತಿದ್ದೆ?"

ಇದನ್ನೇ ತುಂಬ ಜನ ಹೀಗೆ ಮುಗಿಸುತ್ತಾರೆ: "ನಡೆಯೋದೇ ಆಗಿದ್ರೆ ಬಸ್ಸು ಯಾಕೆ ಹತ್ತುತ್ತಿದ್ದೆ ಅಂತ ಆ ಅಜ್ಜಿ ಕಂಡಕ್ಟರನ್ನ ಕೇಳಿದ್ರಂತೆ." ಮಾತು ಅದೇ, ನಗು ಮಾತ್ರ ಅರ್ಧ. ಯಾಕೆಂದರೆ ಕನ್ನಡದಲ್ಲಿ ಅಂತ, ಅಂದ, ಕೇಳಿದ್ರಂತೆ ಇವೆಲ್ಲ ವಾಕ್ಯದ ಬಾಲಕ್ಕೇ ಬಂದು ಕೂರುತ್ತವೆ, ಎದುರಿಗಿದ್ದವರು ನಗೋಕೆ ಬಾಯಿ ತೆರೆಯುವ ಹೊತ್ತಿಗೆ ನಾವಿನ್ನೂ ಮಾತಾಡುತ್ತಲೇ ಇರುತ್ತೇವೆ. ಕನ್ನಡದಲ್ಲಿ ಜೋಕ್ ಹೇಳುವವರು ಮೊದಲು ಬಿಡಬೇಕಾದ ಅಭ್ಯಾಸ ಇದು. ಯಾರು ಹೇಳಿದರು ಅನ್ನುವುದನ್ನು ಮುಂಚೆಯೇ ಮುಗಿಸಿಬಿಡಿ. "ಅದಕ್ಕೆ ಅಜ್ಜಿ ಏನಂದ್ರು ಗೊತ್ತಾ?" ಅಂತ ಕೇಳಿ, ಒಂದು ಉಸಿರಿನಷ್ಟು ಸುಮ್ಮನಿದ್ದು, ಆಮೇಲೆ ಅಜ್ಜಿಯ ದನಿಯಲ್ಲೇ ಆ ಮಾತು ಹೇಳಿ ಸುಮ್ಮನಾಗಿ.

ಪೀಠಿಕೆಯಲ್ಲಿ ಪಂಚ್ ಸೋರಲೂಬಾರದು. "ಪಾಪ, ಅಜ್ಜಿಗೆ ನಡೆಯೋಕೇ ಆಗಲ್ಲ" ಅಂತ ಶುರುವಿನಲ್ಲೇ ಅಂದರೆ ಜೋಕ್ ಅಲ್ಲಿಗೇ ಮುಗಿಯಿತು. ಆದರೆ ಕಂಡಕ್ಟರ್ ಬಾಯಲ್ಲಿ "ನಡೀರಿ" ಬರಲೇಬೇಕು, "ಮುಂದೆ ಹೋಗಿ" ಅಂದರೆ ಕೆಲಸ ಕೆಡುತ್ತದೆ. ಅವನ ಅರ್ಥದಲ್ಲಿ ನಡೀರಿ ಅಂದರೆ ಸ್ವಲ್ಪ ಸರೀರಿ ಅಂತ, ಅಜ್ಜಿ ಹಿಡಿದುಕೊಂಡದ್ದು ಕಾಲ್ನಡಿಗೆಯನ್ನು. ಒಂದೇ ಮಾತಿನಲ್ಲಿ ಎರಡು ಅರ್ಥ ಆಡಿಸುವ ಇದಕ್ಕೆ ಪನ್ ಅನ್ನುತ್ತಾರೆ, ಟಿ.ಪಿ. ಕೈಲಾಸಂ ಅದರಲ್ಲಿ ಎತ್ತಿದ ಕೈ. ಪನ್ ಇಲ್ಲದೆಯೂ ಪಂಚ್ ಇರಬಹುದು, ಆದರೆ ಪನ್ ಇದ್ದಾಗ ಆ ಒಂದು ಪದ ಬದಲಾಗದ ಹಾಗೆ ನೋಡಿಕೊಳ್ಳಿ. ಇಂಥ ಜೋಕನ್ನು ಬೇರೆ ಭಾಷೆಗೆ ತಿರುಗಿಸೋದು ಕಷ್ಟ.

ವಾಟ್ಸಾಪ್‌ನಲ್ಲಿ ಬರೆಯುವಾಗ ಪಂಚ್‌ಗೆ ಬೇರೆ ಸಾಲು ಕೊಡಿ, ಮೇಲೆ ನಾನು ಕೊಟ್ಟ ಹಾಗೆ. ಮೊದಲ ಸಾಲಿಗೇ ನಗುವ ಮುಖ ಅಂಟಿಸಬೇಡಿ. ಯಾರೂ ನಗಲಿಲ್ಲವಾ? "ಅಂದ್ರೆ ಏನಪ್ಪಾ ಅಂದ್ರೆ..." ಅಂತ ಬಿಡಿಸಿ ಹೇಳೋಕೆ ಹೋಗಬೇಡಿ, ಬೇರೆ ಮಾತಿಗೆ ಹೋಗಿ.