ಕಂಪನಿ ಖರ್ಚಿನಲ್ಲಿ ಟ್ರಕ್ ಕಲಿಯುವ ಮುನ್ನ

ಅಮೆರಿಕದಲ್ಲಿ ದೂರದ ಊರುಗಳಿಗೆ ಟ್ರಕ್ ಓಡಿಸುವ ಕೆಲಸ ಬೇಕು, ಆದರೆ ಡ್ರೈವಿಂಗ್ ಶಾಲೆಗೆ ಕಟ್ಟಲು ಸಾವಿರಾರು ಡಾಲರ್ ಕೈಯಲ್ಲಿಲ್ಲ. ಇಂಥವರಿಗಾಗಿ ದೊಡ್ಡ ಸಾಗಣೆ ಕಂಪನಿಗಳು ತಾವೇ ತರಬೇತಿ ಕೊಟ್ಟು, ಲೈಸೆನ್ಸ್ ಮಾಡಿಸಿ, ಕೆಲಸಕ್ಕೆ ಇಟ್ಟುಕೊಳ್ಳುತ್ತವೆ. ಜಾಹೀರಾತಿನಲ್ಲಿ ‘ಉಚಿತ’ ಅಂತ ಇರುತ್ತದೆ. ಅದನ್ನು ನಂಬಬೇಡಿ. ಅದು ನಿಮ್ಮ ಮೊದಲ ವರ್ಷವನ್ನು ಅಡವಿಟ್ಟು ತೆಗೆದುಕೊಳ್ಳುವ ಸಾಲ. ಸಾಲ ಮಾಡುವುದು ತಪ್ಪೇನಲ್ಲ, ಷರತ್ತು ಗೊತ್ತಿರಬೇಕು ಅಷ್ಟೆ.

ಮೊದಲು ನಿಮ್ಮ ಅರ್ಹತೆ ನೋಡಿಕೊಳ್ಳಿ. ರಾಜ್ಯದ ಗಡಿ ದಾಟಿ ಓಡಿಸಲು 21 ವರ್ಷ ತುಂಬಿರಬೇಕು. ವೈದ್ಯಕೀಯ ತಪಾಸಣೆ ಕಡ್ಡಾಯ. ರಕ್ತದೊತ್ತಡ 140/90ಕ್ಕಿಂತ ಕಡಿಮೆ ಇದ್ದರೆ ಪೂರ್ತಿ 2 ವರ್ಷದ ಸರ್ಟಿಫಿಕೇಟ್ ಸಿಗುವ ಸಾಧ್ಯತೆ ಇರುತ್ತದೆ. ನಿಮ್ಮ ರಾಜ್ಯದಲ್ಲಿ ಗಾಂಜಾ ಕಾನೂನುಬದ್ಧ ಆಗಿರಬಹುದು, ಆದರೆ ಈ ಕೆಲಸಕ್ಕೆ ಲೆಕ್ಕವಾಗುವುದು ಕೇಂದ್ರದ ನಿಯಮ. ಡ್ರಗ್ ಟೆಸ್ಟ್‌ನಲ್ಲಿ ಸಿಕ್ಕಿಬಿದ್ದರೆ 2020ರಿಂದ ಇರುವ ಸರ್ಕಾರಿ ದಾಖಲೆಯಲ್ಲಿ ಹೆಸರು ಸೇರುತ್ತದೆ, ಅದನ್ನು ಎಲ್ಲ ಕಂಪನಿಗಳೂ ನೋಡುತ್ತವೆ. ಇನ್ನು ಇಂಗ್ಲಿಷ್. ರಸ್ತೆ ಫಲಕ ಓದಲು, ಪೊಲೀಸರ ಪ್ರಶ್ನೆಗೆ ಉತ್ತರ ಕೊಡಲು ಬರಲೇಬೇಕು. 2025ರ ಜೂನ್‌ನಿಂದ ಇದರಲ್ಲಿ ತಪ್ಪಿದವರನ್ನು ರಸ್ತೆಯಲ್ಲೇ ಇಳಿಸುತ್ತಿದ್ದಾರೆ.

ಆಮೇಲೆ ಶಾಲೆ. 2022ರ ಫೆಬ್ರವರಿ 7ರಿಂದ ಹೊಸಬರು ಕೇಂದ್ರ ಸರ್ಕಾರದ ತರಬೇತಿದಾರರ ಪಟ್ಟಿಯಲ್ಲಿರುವ ಕಡೆಯೇ ಕಲಿಯಬೇಕು. ಕಂಪನಿಯ ಶಾಲೆ ಆ ಪಟ್ಟಿಯಲ್ಲಿದೆಯೇ ಅಂತ ವೆಬ್‌ಸೈಟಿನಲ್ಲಿ 2 ನಿಮಿಷದಲ್ಲಿ ನೋಡಬಹುದು. ಆದರೆ ಇಲ್ಲೊಂದು ತೂತಿದೆ. ಥಿಯರಿ ಪರೀಕ್ಷೆಯಲ್ಲಿ ಶೇ 80 ಅಂಕ ಬೇಕು ಅನ್ನುವ ಕೇಂದ್ರದ ನಿಯಮ, ಸ್ಟಿಯರಿಂಗ್ ಹಿಡಿದು ಕನಿಷ್ಠ ಇಷ್ಟು ಗಂಟೆ ಕಲಿಸಬೇಕು ಅಂತ ಹೇಳುವುದಿಲ್ಲ. ಹಾಗಾಗಿ ನೀವೇ ಕೇಳಿ: ಒಂದು ಟ್ರಕ್ಕಿಗೆ ಎಷ್ಟು ಜನ ಕಲಿಯುವವರು? ದಿನಕ್ಕೆ ಎಷ್ಟು ಹೊತ್ತು ನನ್ನ ಕೈಗೆ ಗಾಡಿ ಸಿಗುತ್ತದೆ?

ಈ ಪ್ರಶ್ನೆ ಯಾಕೆ ಅಂದರೆ, ಗಾಳಿಯ ಒತ್ತಡದಿಂದ ಕೆಲಸ ಮಾಡುವ ಏರ್ ಬ್ರೇಕ್‌ನ ತಪಾಸಣೆಯನ್ನೇ ನೋಡಿ. ಗಾಡಿ ಉರುಳದಂತೆ ಚಕ್ರಕ್ಕೆ ಅಡ್ಡ ಕೊಟ್ಟು, ಎಂಜಿನ್ ಆಫ್ ಮಾಡಿ, ಕೀ ಆನ್‌ನಲ್ಲೇ ಇಟ್ಟು, ಪಾರ್ಕಿಂಗ್ ಬ್ರೇಕ್ ಬಿಡಿಸಿ, ಪೆಡಲ್ಲನ್ನು ಒಂದು ನಿಮಿಷ ಒತ್ತಿ ಹಿಡಿಯಬೇಕು. ಟ್ರೈಲರ್ ಇರುವ ಗಾಡಿಯಲ್ಲಿ ಗಾಳಿಯ ಒತ್ತಡ 4 ಪಿಎಸ್‌ಐಗಿಂತ (ಒತ್ತಡದ ಅಳತೆ) ಜಾಸ್ತಿ ಇಳಿಯುವಂತಿಲ್ಲ. ಆಮೇಲೆ ಪೆಡಲ್ ಒತ್ತಿ ಒತ್ತಿ ಬಿಡುತ್ತಾ ಗಾಳಿ ಖಾಲಿ ಮಾಡುತ್ತೀರಿ. ಮುಳ್ಳು ಸುಮಾರು 60ಕ್ಕೆ ಇಳಿಯುವಷ್ಟರಲ್ಲಿ ಬಜರ್ ಕೂಗಬೇಕು. ಇನ್ನೂ ಇಳಿದು 45 ಮತ್ತು 20ರ ನಡುವೆ ಎಲ್ಲೋ ಒಂದು ಕಡೆ, ಡ್ಯಾಶ್‌ಬೋರ್ಡಿನಲ್ಲಿರುವ ಪಾರ್ಕಿಂಗ್ ಬ್ರೇಕಿನ ಹಳದಿ, ಟ್ರೈಲರ್ ಗಾಳಿಯ ಕೆಂಪು ಗುಂಡಿಗಳು ತಾವಾಗಿಯೇ ಟಪ್ ಅಂತ ಹೊರಗೆ ಚಿಮ್ಮುತ್ತವೆ. ಲೈಸೆನ್ಸ್ ಪರೀಕ್ಷೆಯಲ್ಲಿ ಇದೊಂದು ತಪ್ಪಿದರೂ ವಾಹನ ತಪಾಸಣೆಯ ಭಾಗದಲ್ಲಿ ಫೇಲ್. ಆ ಟಪ್ ಸದ್ದನ್ನು ಸ್ವಂತ ಕಾಲಿನಿಂದ ಹತ್ತು ಸಲ ಹೊರಡಿಸಿದವರಿಗೂ, ಹಿಂದಿನ ಸೀಟಿನಲ್ಲಿ ಕೂತು ಕೇಳಿದವರಿಗೂ ವ್ಯತ್ಯಾಸ ಇದೆ ಅಲ್ವಾ?

ಪರೀಕ್ಷೆಯ ಟ್ರಕ್ ಆಟೊಮ್ಯಾಟಿಕ್ಕೋ, ಗೇರಿನದ್ದೋ ಅಂತಲೂ ಕೇಳಿಡಿ. ಆಟೊಮ್ಯಾಟಿಕ್‌ನಲ್ಲಿ ಪಾಸಾದರೆ ಗೇರಿನ ಟ್ರಕ್ ಓಡಿಸುವಂತಿಲ್ಲ ಅನ್ನುವ ನಿರ್ಬಂಧ ಲೈಸೆನ್ಸ್ ಮೇಲೆ ಬೀಳುತ್ತದೆ. ಕಲಿಕಾ ಪರ್ಮಿಟ್ ಸಿಕ್ಕಿ 14 ದಿನ ಆಗುವವರೆಗೆ ಹೇಗೂ ಪರೀಕ್ಷೆ ಇಲ್ಲ. ಆದ್ದರಿಂದ ಪರ್ಮಿಟ್ಟನ್ನು ಮೊದಲೇ ಮಾಡಿಸಿಕೊಂಡು ಹೋಗುವುದು ಜಾಣತನ.

ಈಗ ಕರಾರು. ಇಲ್ಲಿ ಅವಸರ ಬೇಡ. ‘ಒಂದು ವರ್ಷ ದುಡಿಯಬೇಕು’ ಅಂತ ಬರೆದಿದ್ದರೆ ಆ ವರ್ಷ ಶುರುವಾಗುವುದು ಯಾವಾಗ? ತರಗತಿಗೆ ಸೇರಿದ ದಿನವೋ, ಲೈಸೆನ್ಸ್ ಬಂದ ದಿನವೋ, ಒಬ್ಬರೇ ಟ್ರಕ್ ಹಿಡಿದ ದಿನವೋ? ಇದರಲ್ಲೇ ಎರಡು ಮೂರು ತಿಂಗಳು ಆಚೀಚೆ ಆಗಬಹುದು. ಕೆಲವು ಕಡೆ ತಿಂಗಳ ಬದಲು ಮೈಲಿ ಲೆಕ್ಕ ಇರುತ್ತದೆ. ಆಗ ಲೋಡ್ ಕೊಡದೆ ಕೂರಿಸಿದರೆ ಹೊಡೆತ ನಿಮಗೇ. ಎಂಟನೇ ತಿಂಗಳಲ್ಲಿ ಬಿಟ್ಟರೆ ಉಳಿದ ನಾಲ್ಕು ತಿಂಗಳದ್ದು ಮಾತ್ರ ಕಟ್ಟಬೇಕೋ, ಪೂರ್ತಿ ಶುಲ್ಕವೋ? ಬಡ್ಡಿ ಎಷ್ಟು? ಕಂಪನಿಯೇ ಕೆಲಸದಿಂದ ತೆಗೆದರೆ, ಅಥವಾ ಕಾಯಿಲೆ ಬಿದ್ದು ವೈದ್ಯಕೀಯ ಸರ್ಟಿಫಿಕೇಟ್ ಹೋದರೆ ಸಾಲ ಯಾರ ತಲೆಗೆ? ನೇಮಕಾತಿಯವರು ಫೋನಿನಲ್ಲಿ ‘ಅದೆಲ್ಲ ಏನೂ ಆಗಲ್ಲ ಬಿಡಿ’ ಅಂದರೆ, ಅದನ್ನೇ ಇ-ಮೇಲ್‌ನಲ್ಲಿ ಬರೆದು ಕಳಿಸಿ ಅನ್ನಿ. ಆಗ ದನಿ ಬದಲಾಗುತ್ತದಾ ಗಮನಿಸಿ.

ಜಗಳವಾದರೆ ಕೋರ್ಟಿಗೆ ಹೋಗುವಂತಿಲ್ಲ, ಖಾಸಗಿ ಪಂಚಾಯ್ತಿಯಲ್ಲೇ ಇತ್ಯರ್ಥ ಅನ್ನುವ ಷರತ್ತೂ ಇರಬಹುದು. ನ್ಯೂ ಪ್ರೈಮ್ ಅನ್ನುವ ಸಾಗಣೆ ಕಂಪನಿ ವಿರುದ್ಧ ಅಲ್ಲೇ ತರಬೇತಿ ಪಡೆದಿದ್ದ ಡ್ರೈವರ್ ಒಬ್ಬರು ಸಂಬಳದ ವಿಚಾರಕ್ಕೆ ಹೂಡಿದ ಮೊಕದ್ದಮೆ ಇದೇ ಪ್ರಶ್ನೆ ಹಿಡಿದು ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. ಗುತ್ತಿಗೆ ಡ್ರೈವರ್ ಆದರೂ ಇಂಥ ಷರತ್ತನ್ನು ಜಾರಿ ಮಾಡುವ ಕೇಂದ್ರ ಕಾಯ್ದೆ ಅವರಿಗೆ ಅನ್ವಯಿಸುವುದಿಲ್ಲ ಅಂತ 2019ರ ಜನವರಿಯಲ್ಲಿ ತೀರ್ಪು ಬಂತು. ಅಂಥ ಷರತ್ತು ಕಂಡರೆ, ಸಹಿಗೆ ಮೊದಲು ವಕೀಲರಿಗೆ ತೋರಿಸಿ.

ಲೈಸೆನ್ಸ್ ಬಂದಮೇಲೆ ಕೆಲವು ವಾರ ಟ್ರೈನರ್ ಜೊತೆ ಓಡಾಟ. ಒಂದು ಬೀರುವಿನಷ್ಟು ಜಾಗದಲ್ಲಿ ಇಬ್ಬರು ಅಪರಿಚಿತರು, ಮೇಲೊಂದು ಕೆಳಗೊಂದು ಹಾಸಿಗೆ. ನಿಯಮದ ಪ್ರಕಾರ ಒಬ್ಬರು 10 ಗಂಟೆ ಬಿಡುವಿನ ನಂತರ ಗರಿಷ್ಠ 11 ಗಂಟೆ ಓಡಿಸಬಹುದು, ಅದೂ ಕೆಲಸ ಶುರುವಾಗಿ 14 ಗಂಟೆಯೊಳಗೆ. ಇಬ್ಬರಿದ್ದರೆ ಸರದಿ ಮೇಲೆ ಟ್ರಕ್ ಹೆಚ್ಚುಕಡಿಮೆ ಹಗಲೂ ರಾತ್ರಿ ಓಡುತ್ತದೆ. ಕಂಪನಿಗೆ ಲಾಭ. ಆದರೆ ನೀವು ಓಡಿಸುವಾಗ ಟ್ರೈನರ್ ಹಿಂದೆ ಮಲಗಿದ್ದರೆ ನಿಮಗೆ ಕಲಿಸುವವರು ಯಾರು? ಟ್ರೈನರ್ ಎಷ್ಟು ವಾರ ಪಕ್ಕದ ಸೀಟಿನಲ್ಲಿ ಎಚ್ಚರ ಇರುತ್ತಾರೆ, ಅವರಿಗೆ ಸ್ವಂತ ಅನುಭವ ಎಷ್ಟು, ಹೊಂದಿಕೆ ಆಗದಿದ್ದರೆ ಬದಲಿಸುತ್ತಾರಾ? ಮಹಿಳೆಯರು ಮಹಿಳಾ ಟ್ರೈನರ್ ಬೇಕು ಅಂತ ಮೊದಲೇ ಕೇಳಬಹುದು. ಸಿಗಲು ಕಾಯಬೇಕಾಗಬಹುದು.

ಸಂಬಳ ಸಾಮಾನ್ಯವಾಗಿ ಮೈಲಿ ಲೆಕ್ಕ. ಮೈಲಿಗೆ 50 ಸೆಂಟ್ ಅಂತಿಟ್ಟುಕೊಳ್ಳಿ. ವಾರಕ್ಕೆ 2,000 ಮೈಲಿ ಓಡಿದರೆ 1,000 ಡಾಲರ್, 1,200 ಓಡಿದರೆ 600. ಗೋದಾಮಿನ ಮುಂದೆ ಸುಮ್ನೆ ಕಾದ ಗಂಟೆಗಳಿಗೆ ದುಡ್ಡು ಕೊಡುತ್ತಾರಾ ಕೇಳಿ. ರಾಜ್ಯ ದಾಟುವ ಡ್ರೈವರ್‌ಗಳಿಗೆ ಕೇಂದ್ರದ ಓವರ್‌ಟೈಮ್ ಕಾನೂನು ಅನ್ವಯಿಸುವುದಿಲ್ಲ. ಮೊದಲ ವರ್ಷವೇ ‘ಟ್ರಕ್ಕನ್ನೇ ಕಂತಿನಲ್ಲಿ ಕೊಂಡುಬಿಡಿ’ ಅಂತ ಯಾರಾದರೂ ಹೇಳಿದರೆ ಕೈಮುಗಿದು ಎದ್ದುಬನ್ನಿ. ಇದು ನನ್ನ ಖಡಾಖಂಡಿತ ಅಭಿಪ್ರಾಯ.

ಇಷ್ಟೆಲ್ಲ ಕೇಳಿದ ಮೇಲೆ ಕರಾರು ಭಾರ ಅನ್ನಿಸಿದರೆ, ಹತ್ತಿರದ ಸರ್ಕಾರಿ ಉದ್ಯೋಗ ಕೇಂದ್ರಕ್ಕೆ ಹೋಗಿ. ಅರ್ಹರಿಗೆ ಕೇಂದ್ರದ ಅನುದಾನದಲ್ಲಿ ಕಮ್ಯುನಿಟಿ ಕಾಲೇಜಿನಲ್ಲೇ ಇದೇ ಲೈಸೆನ್ಸ್ ತರಬೇತಿ ಸಿಗುವುದುಂಟು, ಯಾವ ಕಂಪನಿಯ ಹಂಗೂ ಇರುವುದಿಲ್ಲ.

ಕಂಪನಿಯೇ ಸರಿ ಅನ್ನಿಸಿದರೆ, ಹೊರಡುವ ಮೊದಲು ಕರಾರಿನ ಪ್ರತಿ ತರಿಸಿಕೊಳ್ಳಿ. ಎಷ್ಟೋ ಜನ ಕಂಪನಿ ಕೊಟ್ಟ ಟಿಕೆಟ್‌ನಲ್ಲಿ ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಹೋಗಿ, ಬೆಳಗ್ಗೆ ನಿದ್ದೆಗಣ್ಣಿನಲ್ಲಿ ಮೊದಲ ಸಲ ಆ ಕಾಗದ ನೋಡುತ್ತಾರೆ. ಆ ಹೊತ್ತಿಗೆ ವಾಪಸ್ ಬರಲು ಜೇಬಿನಲ್ಲಿ ಕಾಸಿರುವುದಿಲ್ಲ, ಸಹಿ ಹಾಕುತ್ತಾರೆ. ನೀವು ವಾಪಸ್ ಟಿಕೆಟಿನ ದುಡ್ಡನ್ನು ಬೇರೆಯಾಗಿ ಎತ್ತಿಟ್ಟುಕೊಂಡೇ ಬಸ್ ಹತ್ತಿ.