ರಬ್ಬರ್ ಬ್ಯಾಂಡಿನಲ್ಲಿ ಘರ್ಷಣೆ ಅಳೆಯುವುದು ಹೇಗೆ?

ಮೇಜಿನ ಮೇಲೆ ಪುಸ್ತಕವನ್ನು ಒಂದೇ ವೇಗದಲ್ಲಿ ಎಳೆಯುತ್ತಿದ್ದೀರಿ. ಅದರ ಮೇಲಿನ ಒಟ್ಟು ಬಲ ಎಷ್ಟು? ಸೊನ್ನೆ. ಓದಿದರೆ ನಂಬಿಕೆ ಬರುವುದು ಕಷ್ಟ, ಅಳೆದರೆ ಬರುತ್ತದೆ.

ಮೊದಲು ಅಳೆಯುವ ಸಾಧನ. 30 ಸೆಂ.ಮೀ. ಸ್ಕೇಲಿನ ಸೊನ್ನೆ ತುದಿಗೆ ರಬ್ಬರ್ ಬ್ಯಾಂಡನ್ನು ಟೇಪಿನಿಂದ ಬಿಗಿಯಾಗಿ ಅಂಟಿಸಿ, ಬ್ಯಾಂಡಿನ ಇನ್ನೊಂದು ತುದಿಗೆ ಪೇಪರ್ ಕ್ಲಿಪ್ ಸಿಕ್ಕಿಸಿ. ಹೊಸ ಬ್ಯಾಂಡಾದರೆ ಏಳೆಂಟು ಸಲ ಚೆನ್ನಾಗಿ ಎಳೆದು ಬಿಡಿ. ಇಲ್ಲದಿದ್ದರೆ ಮೊದಲ ಅಳತೆಗೂ ಆಮೇಲಿನದಕ್ಕೂ ತಾಳೆಯಾಗದು. ಸ್ಕೇಲನ್ನು ನೆಟ್ಟಗೆ ಹಿಡಿದು ಕ್ಲಿಪ್ಪಿಗೆ ಹಗುರವಾದ ಪ್ಲಾಸ್ಟಿಕ್ ಲೋಟ ತೂಗುಹಾಕಿ. 50 ಮಿ.ಲೀ. ನೀರು ಹಾಕಿ, ಹತ್ತು ಸೆಕೆಂಡ್ ಬಿಟ್ಟು ಕ್ಲಿಪ್ ನಿಂತಲ್ಲಿ ಗುರುತು ಮಾಡಿ. ಹೀಗೇ ಐವತ್ತೈವತ್ತು ಏರಿಸುತ್ತಾ 250ರವರೆಗೆ. 100 ಮಿ.ಲೀ. ನೀರಿನ ರಾಶಿ 100 ಗ್ರಾಂ, ತೂಕ 0.98 ನ್ಯೂಟನ್, 1 ನ್ಯೂಟನ್ ಎಂದುಕೊಂಡರೆ ಸಾಕು. ಗುರುತುಗಳ ನಡುವಿನ ಅಂತರ ಒಂದೇ ಸಮ ಇರುವುದಿಲ್ಲ, ರಬ್ಬರಿನ ಗುಣವೇ ಹಾಗೆ. ಎರಡು ಗುರುತು ಹಾಕಿ ಮಿಕ್ಕದ್ದನ್ನು ಅಂದಾಜಿನಲ್ಲಿ ತುಂಬಬೇಡಿ.

ಅರ್ಧ ಕೆ.ಜಿ. ತೂಗುವ ಪುಸ್ತಕಕ್ಕೆ ದಾರ ಸುತ್ತಿ ಕಟ್ಟಿ, ಆ ದಾರಕ್ಕೆ ಕ್ಲಿಪ್ ಸಿಕ್ಕಿಸಿ. ಸ್ಕೇಲನ್ನು ಮೇಜಿಗೆ ಸಮಾನಾಂತರವಾಗಿ ಹಿಡಿದು ಮೆಲ್ಲಗೆ ಎಳೆಯಿರಿ. ಕಣ್ಣು ಕ್ಲಿಪ್ಪಿನ ಮೇಲಿರಲಿ. ಬ್ಯಾಂಡ್ ಹಿಗ್ಗುತ್ತದೆ, ಪುಸ್ತಕ ಕದಲುವುದಿಲ್ಲ. ಇನ್ನಷ್ಟು ಹಿಗ್ಗುತ್ತದೆ, ಆಗಲೂ ಇಲ್ಲ. ಆಮೇಲೆ ಫಕ್ಕನೆ ಜಾರುತ್ತದೆ. ಜಾರಿದ ಕ್ಷಣವೇ ಬ್ಯಾಂಡ್ ಒಂದಿಷ್ಟು ಕುಗ್ಗುತ್ತದೆ. ಜಾರುವ ಮುಂಚಿನ ಗರಿಷ್ಠ ಅಳತೆ ಸ್ಥಾಯಿ ಘರ್ಷಣೆಯ ಮಿತಿ. ಒಂದೇ ವೇಗದಲ್ಲಿ ಸಾಗುವಾಗಿನದು ಜಾರು ಘರ್ಷಣೆ.

ಈ ಎರಡನೆಯ ಅಳತೆಯೇ ಪ್ರಯೋಗದ ಜೀವ. ಕ್ಲಿಪ್ 150ರ ಗುರುತಿನಲ್ಲಿದ್ದರೆ ನಿಮ್ಮ ಎಳೆತ ಸುಮಾರು 1.5 ನ್ಯೂಟನ್, ಹಿಂದಕ್ಕೆ ತಡೆಯುವ ಘರ್ಷಣೆಯೂ ಅಷ್ಟೇ. ಎರಡೂ ಸರಿಸಮ, ಹಾಗಾಗಿ ವೇಗ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ನ್ಯೂಟನ್ 1687ರಲ್ಲಿ ಪ್ರಕಟಿಸಿದ ಮೊದಲ ನಿಯಮ ಹೇಳುವುದು ಇದನ್ನೇ. ಬ್ಯಾಂಡನ್ನು ಅದಕ್ಕಿಂತ ಹೆಚ್ಚು ಹಿಗ್ಗಿಸಿಯೇ ಇಟ್ಟರೆ ಪುಸ್ತಕದ ವೇಗ ಏರುತ್ತಲೇ ಹೋಗುತ್ತದೆ. ಅದು ಮಿಕ್ಕ ಬಲದ ಕೆಲಸ, ಎರಡನೇ ನಿಯಮ.

ಪುಸ್ತಕ ತಡೆತಡೆದು ಕುಪ್ಪಳಿಸುತ್ತಾ ಬಂದರೆ ಬ್ಯಾಂಡ್ ತೀರ ಮೆದು ಎಂದರ್ಥ. ದಪ್ಪನೆಯದನ್ನು ಹಾಕಿ, ಗುರುತುಗಳನ್ನೂ ಹೊಸದಾಗಿ ಮಾಡಿ. ಕೈ ಮೇಲಕ್ಕೆ ಎತ್ತಿದರೆ ಪುಸ್ತಕದ ಭಾರದಲ್ಲಿ ಒಂದು ಪಾಲನ್ನು ನೀವೇ ಹೊತ್ತಂತೆ, ಘರ್ಷಣೆ ಕಡಿಮೆ ತೋರುತ್ತದೆ. ಇನ್ನೊಂದು ತಪ್ಪು ಸುಲಭಕ್ಕೆ ಕಣ್ಣಿಗೆ ಬೀಳದು: ಒಂದೇ ಉದ್ದದಲ್ಲಿದ್ದರೂ ಕುಗ್ಗುತ್ತಿರುವ ರಬ್ಬರ್ ಎಳೆಯುವ ಬಲ, ಹಿಗ್ಗುತ್ತಿರುವ ರಬ್ಬರಿನದಕ್ಕಿಂತ ಕಡಿಮೆ. ಆದ್ದರಿಂದ ನೀರು ತೆಗೆಯುತ್ತಾ ಬರುವಾಗಲೂ ಬೇರೆ ಬಣ್ಣದಲ್ಲಿ ಗುರುತು ಮಾಡಿ, ಜಾರು ಘರ್ಷಣೆಯನ್ನು ಆ ಗುರುತುಗಳಲ್ಲೇ ಓದಿ.

ಕೊನೆಗೆ ಪುಸ್ತಕದ ಕೆಳಗೆ ನಾಲ್ಕೈದು ದುಂಡನೆಯ ಪೆನ್ಸಿಲ್‌ಗಳನ್ನು ಅಡ್ಡಲಾಗಿ ಇಟ್ಟು ಎಳೆಯಿರಿ. ಕ್ಲಿಪ್ 50ರ ಗುರುತನ್ನು ಮುಟ್ಟುವುದೂ ಕಷ್ಟ.